ಎಂ10 ಅಥವಾ ಹೆಲ್‌ಕ್ಯಾಟ್: ಮನೆಯಲ್ಲಿ ಇಟ್ಟುಕೊಳ್ಳಲು ಯಾವುದು ಒಳ್ಳೆಯದು?

ಯುದ್ಧಕಾಲದ ಈ ಎರಡು ಗಾಡಿಗಳಲ್ಲಿ ನನ್ನ ಓಟು ಎಂ10ಕ್ಕೆ. ಅಮೆರಿಕದ ಮಿಷಿಗನ್‌ನಲ್ಲಿ ನಾವು ಕೆಲವು ಗೆಳೆಯರು ಪಾಲು ಹಾಕಿ ಕೊಂಡಿದ್ದೂ ಅದನ್ನೇ. ಪರಿಚಯದ ಹಿರಿಯರೊಬ್ಬರ ಹತ್ತಿರ ಎಂ18 ಹೆಲ್‌ಕ್ಯಾಟ್ ಇದೆ. ಅದನ್ನು ಬೇಕಾದಷ್ಟು ಓಡಿಸಿದ್ದೇನೆ, ರಿಪೇರಿಗೂ ಕೈ ಹಾಕಿದ್ದೇನೆ. ಎರಡೂ ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕ್ ಡಿಸ್ಟ್ರಾಯರ್‌ಗಳು, ಅಂದರೆ ಶತ್ರು ಟ್ಯಾಂಕ್‌ಗಳನ್ನು ಹೊಡೆಯಲೆಂದೇ ಕಟ್ಟಿದ ತೋಪಿನ ಗಾಡಿಗಳು. ತಯಾರಾಗಿದ್ದೂ ಅಕ್ಕಪಕ್ಕದ ಊರುಗಳಲ್ಲಿ. ಹೆಲ್‌ಕ್ಯಾಟ್ ಫ್ಲಿಂಟ್‌ನ ಬ್ಯೂಕ್ ಕಾರ್ಖಾನೆಯದು, ಎಂ10 ಗ್ರ್ಯಾಂಡ್ ಬ್ಲಾಂಕ್‌ನ ಫಿಶರ್ ಕಾರ್ಖಾನೆಯದು.

ಹೆಲ್‌ಕ್ಯಾಟ್ ಅಂದರೆ ಎಲ್ಲರಿಗೂ ನೆನಪಾಗುವುದು ವೇಗ. ಗಂಟೆಗೆ 80 ಕಿ.ಮೀ. ದಾಟುತ್ತದೆ. ಶತ್ರು ಟ್ಯಾಂಕ್ ಬಂದ ಕಡೆಗೆ ಓಡು, ಮರೆಯಿಂದ ಹೊಡೆ, ಜಾಗ ಬದಲಿಸು ಅನ್ನುವ ಲೆಕ್ಕದಲ್ಲಿ ಕಟ್ಟಿದ ಗಾಡಿ. ಆ ವೇಗಕ್ಕೆ ಬೆಲೆ ತೆತ್ತದ್ದು ಅದರ ಕವಚ. ಒಡಲಿನ ಉಕ್ಕು ಬರೀ 13 ಮಿ.ಮೀ. ಪಕ್ಕದಲ್ಲಿ ನಿಂತು ಬಾಗಿಲ ಅಂಚು ನೋಡಿದರೆ ಎದೆ ಝಲ್ಲೆನ್ನುತ್ತದೆ, ನನ್ನ ಹೆಬ್ಬೆರಳಿನಷ್ಟೂ ದಪ್ಪ ಇಲ್ಲ. ಇದರೊಳಗೆ ಐದು ಹುಡುಗರು ಕೂತು ಜರ್ಮನ್ನರ ಪ್ಯಾಂಥರ್ ಟ್ಯಾಂಕ್‌ಗಳ ಎದುರು ಹೋದರು. 1944ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಅರಾಕೂರ್ ಬಳಿ ಗೆದ್ದರು ಕೂಡ. ಆದರೆ ಅಲ್ಲಿ ಕೈ ಹಿಡಿದದ್ದು ಮಂಜು ಮತ್ತು ಹೊಂಚು, 80 ಕಿ.ಮೀ. ವೇಗ ಅಲ್ಲ.

ಇವತ್ತು ನಮ್ಮಂಥವರಿಗೆ ಆ ವೇಗ ಇದ್ದೂ ಉಪಯೋಗ ಇಲ್ಲ. ನಾವು ಓಡಿಸುವುದು ಹೊಲದಲ್ಲಿ, ಇಲ್ಲವೇ ಮೆರವಣಿಗೆಯಲ್ಲಿ ಜನರ ನಡಿಗೆಯ ಜೊತೆ.

ನನ್ನನ್ನು ಹೆಲ್‌ಕ್ಯಾಟ್‌ನಿಂದ ದೂರ ಮಾಡಿದ್ದು ಅದರ ಎಂಜಿನ್. ಕಾಂಟಿನೆಂಟಲ್ ಆರ್-975, ವಿಮಾನದ ಎಂಜಿನ್ ಜಾತಿಯದು. ಒಂಬತ್ತು ಸಿಲಿಂಡರ್ ವೃತ್ತಾಕಾರವಾಗಿ ನಿಂತಿವೆ, ಅಂದರೆ ಕೆಲವು ತಲೆಕೆಳಗಾಗಿವೆ. ಗಾಡಿ ಸುಮ್ನೆ ನಿಂತರೆ ಆಯಿಲ್ ನಿಧಾನಕ್ಕೆ ಇಳಿದು ಆ ಕೆಳಗಿನ ಸಿಲಿಂಡರ್‌ಗಳಲ್ಲಿ ಸೇರುತ್ತದೆ. ಗಾಳಿಯನ್ನು ಅದುಮಬಹುದು, ಆಯಿಲನ್ನು ಅದುಮಲು ಆಗುವುದಿಲ್ಲ ಅಲ್ವಾ? ಗೊತ್ತಿಲ್ಲದೆ ಸೆಲ್ಫ್ ಹೊಡೆದರೆ ಪಿಸ್ಟನ್ ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಂಜಿನ್ ಕಥೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಪ್ರತಿ ಸಲ ಮೊದಲು ಹಿಂದಿನಿಂದ ಉದ್ದನೆಯ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಬೇಕು. ನಮ್ಮೂರಿನ ಹಳೇ ಲಾರಿಗಳಿಗೆ ಹ್ಯಾಂಡಲ್ ಹೊಡೆಯುತ್ತಿದ್ದರಲ್ಲ, ಹಾಗೆ ಎರಡು ಏಟಿಗೆ ಮುಗಿಯುವ ಕೆಲಸ ಅಲ್ಲ. ಸುತ್ತಿನ ಮೇಲೆ ಸುತ್ತು ಹಾಕುತ್ತಲೇ ಇರಬೇಕು. ನಡುವೆ ಎಲ್ಲಾದರೂ ಹ್ಯಾಂಡಲ್ ಗಟ್ಟಿಯಾಗಿ ನಿಂತರೆ ಬಲ ಹಾಕುವ ಹಾಗಿಲ್ಲ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಕಪ್ಪು ಆಯಿಲ್ ಬೆರಳ ಸಂದಿಯಲ್ಲಿ ಇಳಿದು ಮೊಣಕೈ ತನಕ ಬರುತ್ತದೆ. ಅದು ಪೂರ್ತಿ ಸೋರಿದ ಮೇಲೆ ಪ್ಲಗ್ ಒರೆಸಿ ಹಾಕಿ, ಮತ್ತೆ ಹ್ಯಾಂಡಲ್. ಊಟಕ್ಕೆ ಗಾಡಿ ನಿಲ್ಲಿಸಿ ಬಂದರೂ ಇದೇ ಪಾಡು. ಚಳಿಗಾಲದಲ್ಲಿ ಆಯಿಲ್ ಗಟ್ಟಿಯಾದಾಗ ಭುಜ ಬಿದ್ದೇ ಹೋಗುತ್ತದೆ. ನನಗೆ ಸಿಗುವುದು ಶನಿವಾರದ ಅರ್ಧ ದಿನ, ಅದರಲ್ಲಿ ಇಷ್ಟು ಹೊತ್ತು ಇದಕ್ಕೇ ಕೊಡಲಾರೆ.

ಎಂ10ರಲ್ಲಿ ಎರಡು ಜಿಎಂ (ಜನರಲ್ ಮೋಟರ್ಸ್) 6-71 ಡೀಸೆಲ್ ಎಂಜಿನ್ ಜೋಡಿಸಿದ್ದಾರೆ. ಬಟನ್ ಒತ್ತಿದರೆ ಶುರು. ಒಂದಕ್ಕೆ ತೊಂದರೆಯಾದರೆ ಅದರ ಕ್ಲಚ್ ಬಿಡಿಸಿ ಇನ್ನೊಂದರಲ್ಲೇ ಮನೆಗೆ ಬರಬಹುದು. ನಾವು ಬಂದೂ ಇದ್ದೇವೆ. ಈ ಎಂಜಿನ್ 1938ರಿಂದ 1990ರ ದಶಕದವರೆಗೂ ತಯಾರಾಯಿತು. ಬಸ್ಸು, ದೋಣಿ, ಜನರೇಟರ್, ಎಲ್ಲದರಲ್ಲೂ ಇತ್ತು. ಇಂಜೆಕ್ಟರ್, ಗ್ಯಾಸ್ಕೆಟ್ ಬೇಕಾದರೆ ಮ್ಯೂಸಿಯಂ ಅಲೆಯಬೇಕಿಲ್ಲ.

1942ರಲ್ಲಿ ಎಂ10 ಬಂದದ್ದು ಅವಸರದ ಅಡುಗೆಯಾಗಿ. ಶರ್ಮನ್ ಟ್ಯಾಂಕಿನ ಚಾಸಿ ಕೈಯಲ್ಲಿತ್ತು, 3 ಇಂಚಿನ ತೋಪೂ ಇತ್ತು, ಎರಡನ್ನೂ ಸೇರಿಸಿದರು. ಟ್ಯಾಂಕ್ ಡಿಸ್ಟ್ರಾಯರ್ ಪಡೆಯನ್ನು ಕಟ್ಟಿದ ಜನರಲ್ ಆಂಡ್ರ್ಯೂ ಬ್ರೂಸ್‌ಗೆ ಅದು ಹಿಡಿಸಲೇ ಇಲ್ಲ. ಭಾರ, ನಿಧಾನ ಎಂದರು. ಅವರಿಗೆ ಬೇಕಿದ್ದುದು ಹೆಲ್‌ಕ್ಯಾಟ್‌ನಂಥದ್ದು. ಆದರೆ ಆ ಅವಸರದಿಂದಲೇ ನನ್ನ ಗಾಡಿಯ ಚಕ್ರ, ಟ್ರ್ಯಾಕ್, ಚಕ್ರಗಳನ್ನು ಹಿಡಿಯುವ ಬೋಗಿ ಎಲ್ಲ ಶರ್ಮನ್‌ನವು. ಶರ್ಮನ್ ಇಟ್ಟುಕೊಂಡವರು ಜಗತ್ತಿನ ತುಂಬ ಇದ್ದಾರೆ, ಬಿಡಿಭಾಗದ ವ್ಯಾಪಾರವೂ ನಡೆಯುತ್ತದೆ. ಹೊಸದಾಗಿ ಯೋಚಿಸಿ ಕಟ್ಟಿದ ಹೆಲ್‌ಕ್ಯಾಟ್‌ನ ಭಾಗಗಳು ಬಹುತೇಕ ಅದಕ್ಕೇ ಮೀಸಲು.

ಹೆಲ್‌ಕ್ಯಾಟ್‌ನಲ್ಲಿ ನಾನು ಮನಸಾರೆ ಮೆಚ್ಚುವುದು ಒಂದಿದೆ. ಹಿಂದಿನ ಬಾಗಿಲು ಕೆಳಗಿಳಿಸಿದರೆ ಎಂಜಿನ್ ಹಳಿಯ ಮೇಲೆ ಜಾರಿಕೊಂಡು ಹೊರಗೆ ಬರುತ್ತದೆ. ಮುಂದೆ ಗೇರ್‌ಬಾಕ್ಸಿಗೂ ಹೀಗೇ. ಈ ವಿಷಯದಲ್ಲಿ ಬ್ಯೂಕ್‌ನವರ ಬುದ್ಧಿಗೆ ಎಂ10 ಸಾಟಿಯೇ ಅಲ್ಲ.

ಗೇರ್: ಹೆಲ್‌ಕ್ಯಾಟ್‌ನದು ಆಟೊಮ್ಯಾಟಿಕ್, ಆರಾಮ. ಸಸ್ಪೆನ್ಷನ್: ಅದರದ್ದೇ ಮೇಲು. ತೋಪು: ನಮ್ಮವೆರಡೂ ನಿಷ್ಕ್ರಿಯ, ಹೋಲಿಸಲು ಏನಿಲ್ಲ.

ಎಂ10ರ ಟರೆಟ್, ಅಂದರೆ ತೋಪು ಕೂತ ಮೇಲಿನ ಗೋಪುರ, ಕೈಯಲ್ಲೇ ತಿರುಗಿಸಬೇಕು. ಪೂರ್ತಿ ಒಂದು ಸುತ್ತಿಗೆ ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ತೋಪು ಮುಂದೆ ಭಾರವಾಗಿ ಇಳಿಜಾರಿನಲ್ಲಿ ತಿರುಗುತ್ತಿರಲಿಲ್ಲ ಎಂದು ಯುದ್ಧಕಾಲದಲ್ಲೇ ಟರೆಟ್ ಹಿಂದೆ ಭಾರದ ಗಟ್ಟಿಗಳನ್ನು ಕಟ್ಟಿದರು. ಯುದ್ಧದಲ್ಲಿ ಅದು ಪ್ರಾಣದ ಪ್ರಶ್ನೆ. ನಮಗೆ ಮಕ್ಕಳನ್ನು ಕೂರಿಸಿ ತಿರುಗಿಸುವುದಕ್ಕೆ ಧಾರಾಳ ಸಾಕು.

ಸಾಗಾಟದ ಖರ್ಚು ಮಾತ್ರ ಲೆಕ್ಕ ಹಾಕಿಕೊಳ್ಳಿ. ಹೆಲ್‌ಕ್ಯಾಟ್ ಸುಮಾರು 18 ಟನ್, ಎಂ10 ಸುಮಾರು 30 ಟನ್. ಬೇರೆ ರಾಜ್ಯದ ಪ್ರದರ್ಶನಕ್ಕೆ ಒಯ್ಯಲು ನಮಗೆ ದೊಡ್ಡ ಟ್ರೇಲರ್ ಜೊತೆ ಹೆಚ್ಚುವರಿ ಭಾರದ ಪರ್ಮಿಟ್ಟೂ ಬೇಕು. ವರ್ಷಪೂರ್ತಿ ಊರೂರು ತಿರುಗುವವರು, ಹ್ಯಾಂಡಲ್ ತಿರುಗಿಸಲು ಜೊತೆಗೊಬ್ಬರು ಇದ್ದವರು ಹೆಲ್‌ಕ್ಯಾಟ್ ಕೊಳ್ಳಲಿ. ನಮ್ಮ ಹಾಗೆ ಒಂದೇ ಕೊಟ್ಟಿಗೆ, ಒಂದೇ ಹೊಲ, ಪಾಲಿನ ದುಡ್ಡು ಅನ್ನುವವರು ಡೀಸೆಲ್ ಎಂ10 ಹುಡುಕಿ. ಅದೇ ಮಾದರಿಯ ಎಂ10ಎ1ಗೆ ಫೋರ್ಡ್ ಪೆಟ್ರೋಲ್ ಎಂಜಿನ್ ಇರುತ್ತದೆ, ಮುಂಗಡ ಕೊಡುವ ಮೊದಲು ಹಿಂದಿನ ಮುಚ್ಚಳ ತೆಗೆಸಿ ನೋಡಿ.