ಊರಿನ ಸರ್ಕಾರಿ ಶಾಲೆಗೆ ಮಗಳನ್ನ ಸೇರ್ಸಿ ಎರಡು ವರ್ಷ ಆಯ್ತು

5ಕ್ಕೆ ಮೂರೂವರೆ ಸ್ಟಾರ್. ಶಾಲೆ ಹೆಸರು ಹಾಕಲ್ಲ, ಇದೇ ಊರಲ್ಲಿ ಬದುಕ್ಬೇಕಲ್ಲ ಮಾರಾಯ್ರೆ. ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ರಸ್ತೆಯಿಂದ ಒಳಗೆ, ಇಷ್ಟು ಸಾಕು.

ಮೊದ್ಲು ಮಗಳು ಪೇಟೆಯ ಒಂದು ಇಂಗ್ಲಿಷ್ ಮೀಡಿಯಂಗೆ ಹೋಗ್ತಿದ್ಲು. ಬೆಳಗ್ಗೆ ಏಳೂಕಾಲಿಗೆ ಮೇನ್ ರೋಡಲ್ಲಿ ವ್ಯಾನ್ ಹತ್ಬೇಕು, ಅಲ್ಲಿ ತನಕ ತೋಟದ ದಾರಿ, ಮಧ್ಯೆ ಹಳ್ಳ, ಹಳ್ಳಕ್ಕೆ ಒಂದು ಕಾಲುಸಂಕ. ಒಂದಿನ ಆರಿದ್ರಾ ಮಳೆ ಹೊಯ್ತಾ ಇದೆ, ವ್ಯಾನಿನವ್ರು ಸಂಜೆ ಆರಕ್ಕೆ ಬಸ್ ಸ್ಟ್ಯಾಂಡಲ್ಲಿ ಇಳ್ಸಿ ಹೋಗಿದಾರೆ, ನಮಗೆ ಫೋನ್ ಮಾಡೋಣ ಅಂದ್ರೆ ನೆಟ್ವರ್ಕ್ ಇಲ್ಲ, ನಾನು ಟಾರ್ಚ್ ಹಿಡ್ಕೊಂಡು ಹೋಗೋಷ್ಟರಲ್ಲಿ ಸಂಕದ ಮೇಲೆ ನೀರು. ಮಗು ಆಚೆ, ನಾನು ಈಚೆ. ಸುತ್ತು ಹಾಕಿ ಮನೆಗೆ ಕರ್ಕೊಂಡು ಬರೋಕೆ ಎಂಟೂವರೆ ಆಯ್ತು. ಅವತ್ತು ರಾತ್ರಿನೇ ಇನ್ನು ಆ ವ್ಯಾನ್ ಬೇಡ ಅಂತ ಆಯ್ತು. ಇನ್ನೊಂದು ವಿಷ್ಯ, ಇಂಗ್ಲಿಷ್ ರೈಮ್ ಎಲ್ಲ ಹಾಡ್ತಿದ್ಲು, ಆದ್ರೆ ಎರಡನೇ ಕ್ಲಾಸ್ ಮುಗ್ದ್ರೂ ಬಸ್ಸಿನ ಬೋರ್ಡ್ ಓದೋಕೆ ಬರ್ತಿರ್ಲಿಲ್ಲ.

ಈಗ ಶಾಲೆ ಮನೆಯಿಂದ ಹತ್ತು ನಿಮಿಷ, ಹಳ್ಳ ದಾಟೋ ತಲೆಬಿಸಿ ಇಲ್ಲ. ಒಂದರಿಂದ ಐದು, 38 ಮಕ್ಕಳು, ಇಬ್ರು ಟೀಚರ್. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 60 ಮಕ್ಕಳ ತನಕ ಇಬ್ರೇ, ಲೆಕ್ಕ ಸರಿ. ಆದ್ರೆ ಒಬ್ರು ಟ್ರೈನಿಂಗು, ಮೀಟಿಂಗು, ಸರ್ವೆ ಅಂತ ಹೋದ್ರೆ ಐದೂ ಕ್ಲಾಸು ಇನ್ನೊಬ್ರ ತಲೆ ಮೇಲೆ, ಅದ್ಯಾವ ಲೆಕ್ಕನೋ.

ನಲಿ-ಕಲಿ ಅಂತ ಕಾರ್ಡ್ ಇಟ್ಕೊಂಡು ಕಲಿಸೋ ಪದ್ಧತಿ ಇದೆ, ಅದರ ಬಗ್ಗೆ ನಂಗೆ ಅನುಮಾನ ಇತ್ತು, ಒಂದು ಎರಡು ಮೂರು ಒಟ್ಟಿಗೆ ಕೂತ್ರೆ ಏನು ಕಲೀತಾರೆ ಅಂತ. ಹೋಗಿ ನೋಡಿದ್ರೆ ಪ್ರತಿ ಮಗುನೂ ತನ್ನ ಕಾರ್ಡ್ ತಾನೇ ಹುಡುಕಿ ತಂದು ಕೂರುತ್ತೆ, ಮುಗ್ದ್ರೆ ಕಲಿಕೆಯ ಏಣಿಯಲ್ಲಿ ಮುಂದಿನ ಮೆಟ್ಲು, ದೊಡ್ಡವ್ರು ಚಿಕ್ಕವ್ರಿಗೆ ಹೇಳ್ಕೊಡ್ತಾರೆ. ನನ್ ಮಗಳು ಮೂರನೇ ಕ್ಲಾಸಿಗೆ ಸೇರಿದ್ದು, ಒಂದನೇ ಕ್ಲಾಸಿನ ಹುಡುಗಿ ಪಕ್ಕ ಕೂತು ಕಾಗುಣಿತ ಸರಿ ಮಾಡ್ಕೊಂಡ್ಲು, ಯಾರೂ ನಗ್ಲಿಲ್ಲ. ದೀಪಾವಳಿ ಹೊತ್ತಿಗೆ ಪೇಪರ್ ಓದ್ತಿದ್ಲು.

ಬಿಸಿಯೂಟಕ್ಕೆ ಪೂರ್ತಿ 5. ಅಡುಗೆ ಅಕ್ಕನಿಗೆ ಯಾವ ಮಗು ಏನು ತಿನ್ನಲ್ಲ ಅಂತ ಬಾಯಿಪಾಠ. ಹಾಲು, ರಾಗಿ ಮಾಲ್ಟ್, ಮೊಟ್ಟೆ, ಮೊಟ್ಟೆ ಬೇಡ ಅಂದವ್ರಿಗೆ ಬಾಳೆಹಣ್ಣು. ಮನೇಲಿ ಈಗ "ಶಾಲೆ ಸಾರಿನ ಥರ ಇಲ್ಲ" ಅಂತ ನನ್ನ ಹೆಂಡ್ತಿಗೇ ಹೇಳ್ತಾಳೆ, ಮನೇಲಿ ದಿನಾ ಇದೇ ಜಗಳ.

ಒಂದೂವರೆ ಸ್ಟಾರ್ ಎಲ್ಲಿ ಹೋಯ್ತು ಅಂದ್ರೆ, ಶೌಚಾಲಯ ಇದೆ, ನೀರು ಮೋಟಾರ್ ಮೇಲೆ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಮೂರ್ ದಿನ. ಐದನೇ ಕ್ಲಾಸಿನ ಹೆಣ್ಮಕ್ಳು ಮನೆಗೆ ಓಡ್ತಾರೆ. ಇಂಗ್ಲಿಷ್‌ಗೆ ಅತಿಥಿ ಶಿಕ್ಷಕರು, ಶಾಲೆ ಶುರುವಾಗಿ ಎಷ್ಟೋ ದಿನ ಆದ್ಮೇಲೆ ಬರ್ತಾರೆ, ಮಾರ್ಚಿಗೆ ಹೋಗ್ತಾರೆ, ಮಕ್ಳು ಹೊಂದ್ಕೊಂಡ್ರು ಅನ್ನೋಷ್ಟರಲ್ಲಿ ಹೊಸಬ್ರು. ಯಾರೋ ಪುಣ್ಯಾತ್ಮರು ಕೊಟ್ಟ ಕಂಪ್ಯೂಟರ್ ಎರಡಿದೆ, ಪ್ಲಾಸ್ಟಿಕ್ ಹೊದ್ಕೊಂಡು ಬೂಷ್ಟು ಹಿಡೀತಿದೆ.

ಮೊನ್ನೆ ಎಸ್‌ಡಿಎಂಸಿ (ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ) ಮೀಟಿಂಗಲ್ಲಿ ಶಾಲೆಗೆ ಏನು ಬೇಕು ಹೇಳಿ ಅಂದ್ರು. ಒಬ್ರು ಟೈ ಬೆಲ್ಟ್ ಅಂದ್ರು (ಈ ಮಳೇಲಿ ಟೈ ಕಟ್ಕೊಂಡು ಕಾಲಿಗೆ ಹತ್ತಿದ ಇಂಬಳ ಕೀಳ್ಬೇಕು). ಇನ್ನೊಬ್ರು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ತೋಟದ ಕೆಲಸಕ್ಕೆ ಹೋಗೋ ಹೆಂಗಸು ಎದ್ದು "ಅಡಿಕೆ ಕೊನೆಕೊಯ್ಲಿನ ಟೈಮಲ್ಲಿ ಮಕ್ಳನ್ನ ಐದೂವರೆ ತನಕ ಇಟ್ಕೊಳ್ರಿ, ಮನೇಲಿ ಯಾರೂ ಇರಲ್ಲ" ಅಂದ್ರು, ಅದನ್ನ ಬರ್ಕೊಳ್ಳೋಕೇ ಯಾರಿಗೂ ತೋಚ್ಲಿಲ್ಲ. ಆಮೇಲೆ ಹಿಂದೆ ಕೂತ ಅಜ್ಜ, "ಮೇಷ್ಟ್ರು ಊರಲ್ಲೇ ಉಳೀಬೇಕು." ಹಿಂದೆ ಹಾಗೇ ಇತ್ತಂತೆ, ಮೇಷ್ಟ್ರ ಮನೇಲಿ ಲಾಟೀನ್ ಹಚ್ಕೊಂಡು ಸಂಜೆನೂ ಪಾಠ. ಈಗ ಪೇಟೆಯಿಂದ ಬಸ್ಸು, ಬಸ್ ಲೇಟ್ ಆದ್ರೆ ಪ್ರಾರ್ಥನೆನೂ ಲೇಟು. ನನ್ ಓಟು ಅಜ್ಜನಿಗೆ ಮತ್ತೆ ಆ ಹೆಂಗಸಿಗೆ. ಬಾಡಿಗೆ ಮನೆ ಊರವ್ರೇ ಹುಡುಕಿ ಕೊಡ್ಬೇಕು, ಅದು ನಮ್ ಕೈಲಾಗದ ಕೆಲಸ ಏನಲ್ಲ.

ಐದಾದ್ಮೇಲೆ ಏನು ಅನ್ನೋದೇ ಚಿಂತೆ. ಗಾಜನೂರು ನವೋದಯ ವಸತಿ ಶಾಲೆ ಪರೀಕ್ಷೆಗೆ ಕೂರಿಸ್ತೀನಿ, ಆಗ್ಲಿಲ್ಲ ಅಂದ್ರೆ ನಾಲ್ಕು ಕಿಲೋಮೀಟರ್ ದೂರದ ಶಾಲೆ. ಕರ್ನಾಟಕ ಪಬ್ಲಿಕ್ ಸ್ಕೂಲ್ ಅಂತ ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ ಮಾಡ್ತಾರಲ್ಲ, ಒಳ್ಳೇದೇ, ಆದ್ರೆ ಅದಕ್ಕೋಸ್ಕರ ಈ 38 ಮಕ್ಕಳ ಶಾಲೆ ಮುಚ್ಚಿದ್ರೆ ಮತ್ತೆ ಅದೇ ವ್ಯಾನು, ಅದೇ ಸಂಕ.

ಸೇರ್ಸೋರು ಜೂನಲ್ಲೇ ಹೋಗಿ, ಡೊನೇಷನ್ ಗಿನೇಷನ್ ಏನಿಲ್ಲ. ಕೊಡೆ ಮೇಲೆ ಹೆಸರು ಬರ್ದು ಕಳ್ಸಿ, ನಮ್ದು ಆಗ್ಲೇ ಎರಡು ಹೋಗಿದೆ.