ಸತ್ತದ್ದು ಎಸ್‌ಎಂಎಸ್ ಸರ್ವೀಸ್, ಕಾರಣ ಬೇರೆಲ್ಲೋ: ಸಿಸ್ಟಮ್‌ಡಿ ಜರ್ನಲ್ ಬಗ್ಗೆ

ಲಿನಕ್ಸ್ ಸರ್ವರ್‌ನಲ್ಲಿ ಸರ್ವೀಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಶುರುವಾದದ್ದು 2010ರಲ್ಲಿ. 2015ರ ಹೊತ್ತಿಗೆ ಡೆಬಿಯನ್, ಉಬುಂಟು ಎಂಬ ಎರಡೂ ಲಿನಕ್ಸ್‌ಗಳಲ್ಲಿ ಅದೇ ಬಂತು. ಅದನ್ನು ಬೈಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಹೇಳಹೊರಟದ್ದು ಅದರ ಒಂದು ಭಾಗದ ಬಗ್ಗೆ ಮಾತ್ರ: ಜರ್ನಲ್, ಅಂದರೆ ಲಾಗ್ (ಯಾವಾಗ ಏನಾಯಿತು ಅನ್ನುವ ದಾಖಲೆ) ಇಡುವ ವ್ಯವಸ್ಥೆ. ಸರ್ವೀಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಪದೇ ಪದೇ ಬೀಳುತ್ತಿದ್ದರೆ ನಾನು ಮೊದಲು ಕೈ ಹಾಕುವುದು ಇದಕ್ಕೇ.

ನಾನು ಸರ್ವರ್ ನೋಡಿಕೊಳ್ಳುವ ಒಂದು ಪತ್ತಿನ ಸಹಕಾರ ಸಂಘದಲ್ಲಿ ಪಿಗ್ಮಿ ವ್ಯವಹಾರ ಜಾಸ್ತಿ. ಕಲೆಕ್ಟರ್ ದುಡ್ಡು ತೆಗೆದುಕೊಂಡು ಮೊಬೈಲ್‌ನಲ್ಲಿ ಎಂಟ್ರಿ ಮಾಡಿದ ಕೂಡಲೇ ಸದಸ್ಯರಿಗೆ ಎಸ್‌ಎಂಎಸ್ ಹೋಗಬೇಕು. ಕಳಿಸುವುದು ಒಂದು ಸಣ್ಣ ಪೈಥಾನ್ ಸರ್ವೀಸ್. ಕೆಲವು ದಿನ ಬೆಳಿಗ್ಗೆ ನೋಡಿದರೆ ಅದು ಸತ್ತು ಬಿದ್ದಿರುತ್ತಿತ್ತು. "ಸರ್, ದುಡ್ಡು ಕೊಟ್ಟೋರು ಮೆಸೇಜ್ ಎಲ್ಲಮ್ಮಾ ಅಂತ ನನ್ನ ಮುಖ ನೋಡ್ತಾರೆ" ಎಂದು ಕಲೆಕ್ಟರ್ ಒಬ್ಬರು ಫೋನ್ ಮಾಡಿದರು. ದಿನಾ ಐವತ್ತೋ ನೂರೋ ಕಟ್ಟುವ ಹೂವಿನ ಅಂಗಡಿಯವರಿಗೆ ಆ ಮೆಸೇಜೇ ರಸೀದಿ. ಅದು ಬರದಿದ್ದರೆ ಅನುಮಾನ ಹೋಗುವುದು ಸರ್ವರ್ ಮೇಲಲ್ಲ, ಕಲೆಕ್ಟರ್ ಆಗಿರುವ ಆ ಹೆಣ್ಣುಮಗಳ ಮೇಲೆ.

ಸಿಸ್ಟಮ್‌ಡಿಯ ಸಿಸ್ಟಮ್‌ಸಿಟಿಎಲ್ ಕಮಾಂಡ್‌ನಲ್ಲಿ ಸ್ಟೇಟಸ್ ನೋಡಿದರೆ 'ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ' (ತೀರಾ ಬೇಗ ಬೇಗ ಎಬ್ಬಿಸಲು ನೋಡಿದೆ) ಎಂದಿತ್ತು. ಸರ್ವೀಸ್ ಬಿದ್ದ ಕಾರಣ ಅದಲ್ಲ, ಮತ್ತೆ ಎಬ್ಬಿಸುವುದನ್ನು ಬಿಟ್ಟುಬಿಟ್ಟ ಕಾರಣ. ಆ ಸರ್ವೀಸಿನ ಜರ್ನಲ್ ತೆಗೆದರೆ ಡೇಟಾಬೇಸ್ ಸಿಗುತ್ತಿಲ್ಲ ಅನ್ನುವ ಎರರ್. ಇಲ್ಲಿಗೇ ನಿಂತರೆ ಸುಮ್ನೆ ಪೈಥಾನ್ ಕೋಡ್ ಕೆದಕುತ್ತಾ ಕೂರಬೇಕಾಗುತ್ತದೆ.

ಜರ್ನಲ್‌ನ ಬೆಲೆ ಗೊತ್ತಾಗುವುದು ಇದರ ಮುಂದೆ. ಸರ್ವೀಸಿನ ಹೆಸರು ತೆಗೆದು, 'ಸಿನ್ಸ್', 'ಅಂಟಿಲ್' ಕೊಟ್ಟು, ಅದು ಬಿದ್ದ ಹೊತ್ತಿನ ಆಚೀಚೆ ಕೆಲವು ನಿಮಿಷ ಮಾತ್ರ ಕೇಳಿದೆ. ಕರ್ನಲ್ (ಲಿನಕ್ಸ್‌ನ ತಿರುಳು), ಮೈಎಸ್‌ಕ್ಯೂಎಲ್ (ನಮ್ಮ ಡೇಟಾಬೇಸ್), ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುವುದು), ನಮ್ಮ ಸರ್ವೀಸ್, ಎಲ್ಲದರ ಸಾಲುಗಳೂ ನಡೆದ ಕ್ರಮದಲ್ಲೇ ಒಟ್ಟಿಗೆ ಬಂದವು. ರಾತ್ರಿ ಎರಡಕ್ಕೆ ಕ್ರಾನ್ ಬ್ಯಾಕಪ್ ಶುರು ಮಾಡಿದೆ. ಸ್ವಲ್ಪ ಕೆಳಗೆ ಕರ್ನಲ್‌ನ ಸಾಲು: 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್', ಪಕ್ಕದಲ್ಲಿ ಮೈಎಸ್‌ಕ್ಯೂಎಲ್‌ಡಿ, ಅಂದರೆ ಡೇಟಾಬೇಸಿನ ಹೆಸರು. ಅದರ ಕೆಳಗೆ ನಮ್ಮ ಸರ್ವೀಸ್ ಐದು ಸಲ ಎದ್ದು ಐದು ಸಲವೂ ಬಿದ್ದಿದೆ. ಬೇರೆ ಬೇರೆ ಲಾಗ್ ಫೈಲ್ ತೆರೆದು ಸಮಯ ಹೊಂದಿಸುತ್ತಾ ಕೂತಿದ್ದರೆ ಇಷ್ಟು ಬೇಗ ಕಾಣುತ್ತಿರಲಿಲ್ಲ.

ಬ್ಯಾಕಪ್ ಸ್ಕ್ರಿಪ್ಟ್ ಡೇಟಾಬೇಸಿನ ಪ್ರತಿಯನ್ನು ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಪ್ರೋಗ್ರಾಂನ 9ನೇ ಮಟ್ಟದಲ್ಲಿ ಕುಗ್ಗಿಸುತ್ತಿತ್ತು. ಅದಕ್ಕೆ ಒಂದೇ ಥ್ರೆಡ್‌ಗೆ 674 ಎಂಐಬಿ ಮೆಮೊರಿ ಬೇಕು. ಸರ್ವರ್‌ನಲ್ಲಿ ಇರುವುದೇ 2 ಜಿಬಿ, ಸ್ವಾಪ್ (ಡಿಸ್ಕ್‌ನಲ್ಲಿ ಇಡುವ ಹೆಚ್ಚುವರಿ ಮೆಮೊರಿ) ಇಲ್ಲ, ಆ 2 ಜಿಬಿಯಲ್ಲಿ 1 ಜಿಬಿ ಮೈಎಸ್‌ಕ್ಯೂಎಲ್ ಡೇಟಾ ಇಟ್ಟುಕೊಳ್ಳುವ ಬಫರ್ ಪೂಲ್‌ಗೆ ಹೋಗಿದೆ. ಮೆಮೊರಿ ಖಾಲಿಯಾದಾಗ ಯಾರು ಕೊನೆಗೆ ಬಂದು ಕೇಳಿದರು ಅಂತ ಕರ್ನಲ್ ನೋಡುವುದಿಲ್ಲ, ಹೆಚ್ಚಾಗಿ ಎಲ್ಲರಿಗಿಂತ ಜಾಸ್ತಿ ಹಿಡಿದುಕೊಂಡಿರುವುದನ್ನೇ ಕೊಲ್ಲುತ್ತದೆ. ಬ್ಯಾಕಪ್ ಉಳಿಯಿತು, ಡೇಟಾಬೇಸ್ ಹೋಯಿತು.

ಮೈಎಸ್‌ಕ್ಯೂಎಲ್ ಆಮೇಲೆ ತಾನೇ ಎದ್ದಿತು. ಎಸ್‌ಎಂಎಸ್ ಸರ್ವೀಸ್ ಮಾತ್ರ ಏಳಲಿಲ್ಲ. ಸಿಸ್ಟಮ್‌ಡಿ ಮೇಲೆ ನನ್ನ ದೊಡ್ಡ ದೂರು ಇದೇ. ನಾವೇನೂ ಬದಲಿಸದಿದ್ದರೆ ಎರಡು ಪ್ರಯತ್ನಗಳ ನಡುವೆ ಅದು ಕಾಯುವುದು ಬರೀ 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಆಯಿತೋ, ಕೈಬಿಡುತ್ತದೆ. ಡೇಟಾಬೇಸ್ ರಿಕವರಿ ಮುಗಿಸಿ ಏಳುವಷ್ಟು ಹೊತ್ತಾದರೂ ಬೇಡವೇ?

ಎಕ್ಸ್‌ಝಡ್ ಮಟ್ಟವನ್ನು 6ಕ್ಕೆ ಇಳಿಸಿದೆ. ಅಲ್ಲಿ ಬೇಕಾಗುವುದು 94 ಎಂಐಬಿ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ಬ್ಯಾಕಪ್ಪನ್ನು ಕ್ರಾನ್‌ನಿಂದ ತೆಗೆದು ಸಿಸ್ಟಮ್‌ಡಿ ಟೈಮರ್‌ಗೆ ಹಾಕಿ, 'ಮೆಮೊರಿಮ್ಯಾಕ್ಸ್' (ಮೆಮೊರಿಯ ಮಿತಿ) 300 ಎಂ ಎಂದು ಕಟ್ಟಿದೆ. ಇನ್ನು ಮಿತಿ ಮೀರಿದರೆ ಬ್ಯಾಕಪ್ ಒಂದೇ ಸಾಯುತ್ತದೆ, ಡೇಟಾಬೇಸ್ ತಂಟೆಗೆ ಹೋಗುವುದಿಲ್ಲ. ಎಸ್‌ಎಂಎಸ್ ಸರ್ವೀಸಿಗೆ 'ರೀಸ್ಟಾರ್ಟ್‌ಸೆಕ್' 30 ಕೊಟ್ಟೆ, ಅಂದರೆ ಮತ್ತೆ ಎಬ್ಬಿಸುವ ಮೊದಲು 30 ಸೆಕೆಂಡ್ ಕಾಯಬೇಕು. ಅಷ್ಟು ಅಂತರ ಇದ್ದರೆ ಐದು ಸಲದ ಮಿತಿ ತಟ್ಟುವುದೇ ಇಲ್ಲ. ಈಗ ಬೆಳಗಿನ ಕಲೆಕ್ಷನ್‌ಗೆ ಮೆಸೇಜ್ ಸರಿಯಾಗಿ ಹೋಗುತ್ತಿದೆ.

ಬೇರೆ ದೂರುಗಳೂ ಇವೆ. ಸರ್ವೀಸಿನ ಸೆಟ್ಟಿಂಗ್ ಫೈಲಿನಲ್ಲಿ 'ರೀಸ್ಟಾರ್ಟ್' ಬರೆಯಬೇಕಾದ್ದು ಸರ್ವೀಸ್ ವಿಭಾಗದಲ್ಲಿ, 'ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್' (ಆ 10 ಸೆಕೆಂಡಿನ ಲೆಕ್ಕ) ಬರೆಯಬೇಕಾದ್ದು ಯೂನಿಟ್ ವಿಭಾಗದಲ್ಲಿ. ಅದಲುಬದಲಾದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ಅದನ್ನು ಬಿಟ್ಟುಬಿಡುತ್ತದೆ. ಹೊಸಬರಿಗೆ ಇದು ತಲೆನೋವು, ಅಲ್ವಾ? ಜರ್ನಲ್ ಫೈಲ್‌ಗಳು ಬೈನರಿ, ಅಂದರೆ ಸಾದಾ ಪಠ್ಯವಲ್ಲ, ಹಾಗಾಗಿ ಪದ ಹುಡುಕುವ ಗ್ರೆಪ್ ಕಮಾಂಡ್‌ನಿಂದ ನೇರ ಹುಡುಕಲಾಗದು.

ಜರ್ನಲನ್ನು ನೆಚ್ಚಿಕೊಳ್ಳುವ ಮೊದಲು ನಿಮ್ಮ ಸರ್ವರ್‌ನಲ್ಲಿ ವಾರ್-ಲಾಗ್ ಒಳಗೆ ಜರ್ನಲ್ ಹೆಸರಿನ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ದರೆ, ಬೇರೆ ಸೆಟ್ಟಿಂಗ್ ಮಾಡದ ಕಡೆ ಲಾಗ್ ಮೆಮೊರಿಯಲ್ಲೇ ಇರುತ್ತದೆ. ಯಾರೋ ಗಾಬರಿಯಲ್ಲಿ ಸರ್ವರ್ ರೀಬೂಟ್ ಮಾಡಿದರೆ ಅಷ್ಟೂ ಹೋಯಿತು. ಫೋಲ್ಡರ್ ಮಾಡಿ, ಜರ್ನಲ್ ಬರೆಯುವ ಸರ್ವೀಸ್ ಆದ ಜರ್ನಲ್‌ಡಿಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಮೆಮೊರಿಯಲ್ಲಿರುವುದು ಡಿಸ್ಕ್‌ಗೆ ಹೋಗಲು 'ಫ್ಲಶ್' ಕೊಡಿ.