ಪೈ ಝೀರೋ, ನೇರಳೆ ಡ್ಯಾಕ್, ಮೂಡ್ ಆಡಿಯೋ: ತುಮಕೂರಿನ ಮನೆಗೆ ಹೊಂದುತ್ತದೆಯೇ?

ಅಟ್ಟದ ಮೇಲೆ ಹಳೇ ಮ್ಯೂಸಿಕ್ ಸಿಸ್ಟಮ್‌ನ ಸ್ಪೀಕರ್ ಜೋಡಿ ಧೂಳು ಹಿಡಿದು ಕೂತಿದ್ದರೆ, ಗುಜರಿಗೆ ಹಾಕುವ ಮುನ್ನ ಈ ಸೆಟ್ ಒಮ್ಮೆ ನೋಡಿ. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಅದರ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗುವ ಸಿಗ್ನಲ್ ಮಾಡಿಕೊಡುವ, ಪಿಸಿಎಂ5102ಎ ಚಿಪ್ ಇರುವ ನೇರಳೆ ಬಣ್ಣದ ಡ್ಯಾಕ್ ಬೋರ್ಡು, ಟಿಪಿಎ3116 ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡು, ಇವನ್ನೆಲ್ಲ ಆಡಿಸುವುದಕ್ಕೆ ಮೂಡ್ ಆಡಿಯೋ ಎಂಬ ಓಪನ್ ಸೋರ್ಸ್ ತಂತ್ರಾಂಶ. ಸೌಂಡ್ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಒಂದು ಕೈ ಮೇಲೆಯೇ. ಆದರೆ ಇದರಲ್ಲಿ ಬರುವ ತಕರಾರುಗಳಲ್ಲಿ ಬಹುಪಾಲು ಸಾಫ್ಟ್‌ವೇರಿನದಲ್ಲ, ಕರೆಂಟಿನದು. ಅದನ್ನು ತಿಳಿಯದೆ ಕೊಂಡವರು ವಾರದೊಳಗೆ ಎಲ್ಲವನ್ನೂ ಡಬ್ಬಕ್ಕೆ ತುಂಬಿ ಇಡುತ್ತಾರೆ.

ತುಮಕೂರಿನಲ್ಲಿ ಸೋಲ್ಡರಿಂಗ್ ಐರನ್, ಸೀಸ, ಸ್ಪೀಕರ್ ವೈರು, ಆರ್‌ಸಿಎ ಕೇಬಲ್ಲು (ಡ್ಯಾಕಿನಿಂದ ಆಂಪ್ಲಿಫೈಯರಿಗೆ ಸೌಂಡ್ ಒಯ್ಯುವುದು) ಇವಕ್ಕೆ ಅಲೆಯಬೇಕಿಲ್ಲ. ಡ್ಯಾಕ್ ಬೋರ್ಡಿಗೆ ಆನ್‌ಲೈನ್ ತರಿಸಬೇಕು, ಇಲ್ಲವೇ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಆಂಪ್ಲಿಫೈಯರಿಗೆ ಹೊಸ ಸಪ್ಲೈ ಕೊಳ್ಳಬೇಡಿ. ಕೆಟ್ಟ ಲ್ಯಾಪ್‌ಟಾಪಿನ 19 ವೋಲ್ಟ್, 3.42 ಆಂಪ್ ಅಡಾಪ್ಟರ್ ಸಾಕೋ ಸಾಕು.

ಡ್ಯಾಕ್ ಬೋರ್ಡನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಪೈಗೆ ಜೋಡಿಸಬೇಡಿ, ಮೊದಲು ಬೆನ್ನು ತಿರುಗಿಸಿ. ಅಲ್ಲಿ ನಾಲ್ಕು ಕಡೆ ಮೂರು ಮೂರು ಚುಕ್ಕಿಗಳಿರುತ್ತವೆ. ಒಂದು ತುದಿಗೆ ಎಚ್, ಇನ್ನೊಂದಕ್ಕೆ ಎಲ್. 1, 2, 4ನೆಯವು ಎಲ್ ಕಡೆಗೆ, 3ನೆಯದು ಮಾತ್ರ ಎಚ್ ಕಡೆಗೆ ಸೀಸದಿಂದ ಸೇರಿರಬೇಕು. 3ನೆಯದು ಮ್ಯೂಟ್ ಪಿನ್. ಅದು ಸೇರಿರದಿದ್ದರೆ ಸ್ಕ್ರೀನ್ ಮೇಲೆ ಹಾಡು ಓಡುತ್ತಲೇ ಇರುತ್ತದೆ, ಸ್ಪೀಕರಿನಿಂದ ತುಟಿಪಿಟಕ್ ಇಲ್ಲ. ಕೆಲವು ಬೋರ್ಡು ಸೀಸ ಹಾಕಿಕೊಂಡೇ ಬರುತ್ತವೆ, ಕೆಲವು ಬರುವುದಿಲ್ಲ. ಒಂದೇ ಅಂಗಡಿಯಿಂದ ಎರಡು ತಂದರೂ ಎರಡು ಥರ ಇರಬಹುದು. ಮುಂಭಾಗದಲ್ಲಿ ಎಸ್‌ಸಿಕೆ ಪಿನ್ ಪಕ್ಕದ ಪುಟ್ಟ ಜೋಡಿ ಚುಕ್ಕಿಯನ್ನೂ ಸೀಸದಿಂದ ಮುಚ್ಚಬೇಕು, ಅಂದರೆ ಎಸ್‌ಸಿಕೆ ಗ್ರೌಂಡಿಗೆ ಹೋಗುತ್ತದೆ. ಎಸ್‌ಸಿಕೆ ಎಂದರೆ ಚಿಪ್ಪಿಗೆ ತಾಳ ಹಾಕಿಕೊಡುವ ಕ್ಲಾಕ್ ಬರುವ ದಾರಿ. ಪೈ ಆ ಕ್ಲಾಕ್ ಕೊಡುವುದಿಲ್ಲ, ಚಿಪ್ ತನಗೆ ಬೇಕಾದ ಕ್ಲಾಕ್ ತಾನೇ ಹುಟ್ಟಿಸಿಕೊಳ್ಳುತ್ತದೆ. ಪಿನ್ ಗಾಳಿಯಲ್ಲಿ ತೇಲುತ್ತಿದ್ದರೆ ಸುತ್ತಲಿನ ಗದ್ದಲವನ್ನೇ ಕ್ಲಾಕ್ ಎಂದು ನಂಬಿ ಚರಚರ ಸದ್ದು ಮಾಡುತ್ತದೆ.

ವೈರು ಐದೇ. ಬೋರ್ಡಿನ ವಿಐಎನ್ ಪೈಯ 4ನೇ ಪಿನ್ನಿಗೆ, ಜಿಎನ್‌ಡಿ 6ಕ್ಕೆ, ಬಿಸಿಕೆ 12ಕ್ಕೆ, ಎಲ್‌ಸಿಕೆ 35ಕ್ಕೆ, ಡಿಐಎನ್ 40ಕ್ಕೆ. ವೈರು ಗೇಣುದ್ದ ಬೇಡ, ಬೆರಳುದ್ದ ಇರಲಿ. ಝೀರೋ 2 ಡಬ್ಲ್ಯೂ ಸಾಮಾನ್ಯವಾಗಿ ಪಿನ್ನಿನ ಸಾಲು ಇಲ್ಲದೆ ಬರುತ್ತದೆ. ನಲವತ್ತನ್ನೂ ಸೋಲ್ಡರ್ ಮಾಡುವ ಉಸಾಬರಿ ಬೇಡವಾದರೆ ಈ ಐದು ತೂತಿಗೆ ನೇರ ವೈರು ಹಾಕಿದರೂ ಆಯಿತು. ಪವರ್ ಕೊಡುವ ಮೈಕ್ರೋ ಯುಎಸ್‌ಬಿ ಕಿಂಡಿ ಅಂಚಿನದು. ಒಳಗಡೆಯದು ಪೆನ್ ಡ್ರೈವಿಗೆ, ಅದಕ್ಕೆ ಓಟಿಜಿ ಕೇಬಲ್ ಬೇಕು.

ಈಗ ಆಂಪ್ಲಿಫೈಯರ್. ಎಲ್ಲರೂ ಎಡವುವ ಜಾಗ ಇಲ್ಲಿದೆ. ಡ್ಯಾಕ್ ಪೂರ್ತಿ ಸೌಂಡಿನಲ್ಲಿ 2.1 ವೋಲ್ಟ್ ಕೊಡುತ್ತದೆ. 19 ವೋಲ್ಟ್ ಸಪ್ಲೈಯಲ್ಲಿ ಟಿಪಿಎ3116 ವಿರೂಪವಿಲ್ಲದೆ ಹೊರಹಾಕಬಲ್ಲದ್ದು ಹೆಚ್ಚೆಂದರೆ 13 ವೋಲ್ಟ್ ಚಿಲ್ಲರೆ, 8 ಓಮ್ ಸ್ಪೀಕರಿಗೆ ಸುಮಾರು 22 ವಾಟ್. ಮಧ್ಯಮ ಹಾಲ್‌ಗೆ ಅಷ್ಟು ಧಾರಾಳ. ಆಂಪ್ಲಿಫೈಯರ್ ಬೋರ್ಡಿನ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) 26 ಡೆಸಿಬೆಲ್‌ಗೆ ಕೂರಿಸಿದ್ದರೆ, ಅಂದರೆ 20 ಪಟ್ಟು, ಡ್ಯಾಕಿನಿಂದ 0.67 ವೋಲ್ಟ್ ದಾಟಿದ ಕೂಡಲೇ ಸೌಂಡ್ ಒಡೆಯುತ್ತದೆ. ಫೋನಿನಲ್ಲಿ ಮೂಡ್ ತೋರಿಸುವ ವಾಲ್ಯೂಮ್ ಸ್ಲೈಡರಿನ ಮೇಲಿನ 10 ಡೆಸಿಬೆಲ್ ಬರೀ ಕರ್ಕಶ. ಬೋರ್ಡಿನ ಮೇಲೆ ವಾಲ್ಯೂಮ್ ತಿರುಗಣೆ ಇದ್ದರೆ ಒಂದು ಜೋರಾದ ಹಾಡು ಹಾಕಿ, ಫೋನಿನಲ್ಲಿ 100ಕ್ಕೆ ಇಟ್ಟು, ತಿರುಗಣೆಯನ್ನು ಸೊನ್ನೆಯಿಂದ ನಿಧಾನ ಏರಿಸಿ. ಒಡೆಯಲು ಶುರುವಾದಲ್ಲಿಂದ ಸ್ವಲ್ಪ ಹಿಂದಕ್ಕೆ ತಂದು ಅಲ್ಲೇ ಬಿಡಿ. ಆಮೇಲೆ ಮಕ್ಕಳು ಏನೇ ಎಳೆದಾಡಿದರೂ ಸ್ಪೀಕರ್ ಉಳಿಯುತ್ತದೆ.

ಸ್ಪೀಕರಿನ ಎರಡು ಮೈನಸ್ ವೈರುಗಳನ್ನು ಒಟ್ಟಿಗೆ ಕಟ್ಟಬೇಡಿ, ಗ್ರೌಂಡಿಗೂ ಮುಟ್ಟಿಸಬೇಡಿ. ಈ ಚಿಪ್ಪಿನಲ್ಲಿ ಪ್ಲಸ್, ಮೈನಸ್ ಎರಡೂ ತುದಿ ಆಡುತ್ತಿರುತ್ತವೆ. ಹಳೇ ಡೆಕ್ಕಿನ ಅಭ್ಯಾಸದಲ್ಲಿ ಮೂರೇ ವೈರು ಎಳೆದರೆ ಶಾರ್ಟ್. 24 ವೋಲ್ಟ್ ಸಪ್ಲೈ ಹಾಕುವ ಆಸೆ ಇದ್ದರೆ ದೊಡ್ಡ ಕೆಪಾಸಿಟರ್ ಮೇಲೆ 35 ವೋಲ್ಟ್ ಎಂದು ಇದೆಯೇ ನೋಡಿ. 25 ಎಂದಿದ್ದರೆ 19ರಲ್ಲೇ ಇರಿ.

ಇನ್ನು ಗುಂಯ್ ಸದ್ದು. ಒಂದೇ ಅಡಾಪ್ಟರಿನಿಂದ ಎರಡೂ ಓಡಿಸೋಣವೆಂದು 19 ವೋಲ್ಟನ್ನು ಬಕ್ ಕನ್ವರ್ಟರಿನಿಂದ 5ಕ್ಕೆ ಇಳಿಸಿ ಪೈಗೆ ಕೊಡುವುದು ನೋಡಲು ಅಚ್ಚುಕಟ್ಟು, ಕೇಳಲು ಹಿಂಸೆ. ಪೈ ಎಳೆಯುವ ಕರೆಂಟಿನ ಒಂದು ಪಾಲು ಆರ್‌ಸಿಎ ಕೇಬಲಿನ ಗ್ರೌಂಡ್ ಮೂಲಕವೂ ವಾಪಸ್ ಹೋಗುತ್ತದೆ. ವೈಫೈ ಕೆಲಸ ಮಾಡಿದಾಗಲೆಲ್ಲ ಹಾಡಿನ ಹಿಂದೆ ಜೀರುಂಡೆ ಕೂತಂತೆ ಕಿರ್ ಅನ್ನುತ್ತದೆ. ಪೈಗೆ ಬೇರೆಯೇ 5 ವೋಲ್ಟ್ ಚಾರ್ಜರ್ ಕೊಟ್ಟರೆ ಮುಗಿಯಿತು. ಕೇಬಲ್ ದಪ್ಪನೆಯದಿರಲಿ. ಝೀರೋ ಬೋರ್ಡುಗಳಲ್ಲಿ ವೋಲ್ಟೇಜ್ ಕುಸಿದರೆ ಎಚ್ಚರಿಸುವ ಸರ್ಕ್ಯೂಟ್ ಇಲ್ಲ, ಸುಮ್ಮನೆ ರೀಸ್ಟಾರ್ಟ್ ಆಗುತ್ತದೆ.

ಬೇರೆ ಚಾರ್ಜರ್ ಕೊಟ್ಟ ಮೇಲೂ ಗುಂಯ್ ಇದ್ದರೆ ಆಂಪ್ಲಿಫೈಯರಿನಿಂದ ಆರ್‌ಸಿಎ ಕಿತ್ತು ನೋಡಿ. ಸದ್ದು ಹಾಗೇ ಇದ್ದರೆ ತಪ್ಪು ಆಂಪ್ಲಿಫೈಯರಿನದು ಅಥವಾ ಅದರ ಅಡಾಪ್ಟರಿನದು. ನಿಂತುಹೋದರೆ ಗ್ರೌಂಡ್ ಎಲ್ಲೋ ಎರಡು ದಾರಿಯಲ್ಲಿ ಕೂಡಿ ಸುತ್ತು ಹೊಡೆಯುತ್ತಿದೆ. ಮೂರು ಪಿನ್ನಿನ ಹಲವು ಲ್ಯಾಪ್‌ಟಾಪ್ ಅಡಾಪ್ಟರುಗಳಲ್ಲಿ ಮೈನಸ್ ಅರ್ತಿಗೆ ಸೇರಿರುತ್ತದೆ. ಜೊತೆಗೆ ಟಿವಿಯನ್ನೂ ಇದೇ ಆಂಪ್ಲಿಫೈಯರಿಗೆ ಕಟ್ಟಿದ್ದರೆ ಡಿಶ್ ಕೇಬಲ್ ಮೂಲಕ ಇನ್ನೊಂದು ಅರ್ತ್ ಬರುತ್ತದೆ. ಅರ್ತ್ ಪಿನ್ ಮುರಿಯುವುದು ನಮ್ಮ ಕಡೆಯ ಹಳೇ ಮದ್ದು, ದಯವಿಟ್ಟು ಮಾಡಬೇಡಿ. ಆರ್‌ಸಿಎ ಮಧ್ಯೆ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ, ತೀರಾ ಕೆಳಗಿನ ಬೇಸ್ ಒಂದು ಚೂರು ಸಣ್ಣಗಾಗಬಹುದು, ಅಷ್ಟೇ.

ಸ್ಪೀಕರ್ ಟರ್ಮಿನಲ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯೇ? ಮೂರು ಪಿನ್ನಿನ ಅಡಾಪ್ಟರ್ ಆಗಿದ್ದರೆ ಸಾಕೆಟ್‌ನಲ್ಲಿ ಅರ್ತ್ ಇಲ್ಲವೆಂದೇ ಲೆಕ್ಕ. ಅಡಾಪ್ಟರಿನ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಕರೆಂಟನ್ನು ಚೂರು ಚೂರೇ ಸೋರಿಸುತ್ತವೆ, ಅದು ಹೋಗಲು ದಾರಿ ಬೇಕು. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಅಳೆಯಿರಿ. ಎರಡು ಮೂರು ವೋಲ್ಟ್ ಇದ್ದರೆ ಸರಿ, ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ನಮ್ಮ ಬಯಲುಸೀಮೆಯ ನೆಲ ಮಾರ್ಚ್ ದಾಟಿದರೆ ಬಾಯಿ ಬಿಡುತ್ತದೆ, ಅರ್ತಿಂಗ್ ಗುಂಡಿ ಒಣಗುತ್ತದೆ. ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಎರಡು ಬಿಂದಿಗೆ ನೀರು ಹುಯ್ಯುವುದೂ ಆಡಿಯೋ ಟ್ವೀಕೇ.

ತಂತ್ರಾಂಶಕ್ಕೆ ಬರೋಣ. ಮೂಡ್ ಆಡಿಯೋ ಎಂಪಿಡಿ ಎಂಬ ಮ್ಯೂಸಿಕ್ ಪ್ಲೇಯರ್ ಮೇಲೆ ಕಟ್ಟಿದ್ದು, ಪುಕ್ಕಟೆ. ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಪೈಯ ಮೈಕ್ರೋ ಎಸ್‌ಡಿ ಕಾರ್ಡಿಗೆ ಮೂಡ್ ಬರೆಯುವಾಗಲೇ ವೈಫೈ ಹೆಸರು, ಪಾಸ್‌ವರ್ಡ್, ಯೂಸರ್ ಎಲ್ಲ ತುಂಬಿಬಿಡಿ. ಝೀರೋ 2ಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5ರ ಹೆಸರು ಕೊಟ್ಟರೆ ಕಾಯುತ್ತಲೇ ಕೂರುತ್ತೀರಿ. ಫೋನಿನ ಬ್ರೌಸರಿನಲ್ಲಿ ಮೂಡ್ ಡಾಟ್ ಲೋಕಲ್ (moode.local) ತೆರೆದು ಆಡಿಯೋ ಕಾನ್ಫಿಗ್‌ಗೆ ಹೋಗಿ, ಐಟೂಎಸ್ ಡಿವೈಸ್ ಜಾಗದಲ್ಲಿ ಹೈಫೈಬೆರಿ ಡ್ಯಾಕ್ ಆರಿಸಿ (ಹೆಸರು ಬೇರೆಯಾದರೂ ನಮ್ಮ ನೇರಳೆ ಬೋರ್ಡಿಗೂ ಅದೇ ಸಾಗುತ್ತದೆ), ರೀಸ್ಟಾರ್ಟ್ ಮಾಡಿ. ವಾಲ್ಯೂಮ್ ಟೈಪ್ ಸಾಫ್ಟ್‌ವೇರ್ ಇರಲಿ, ಈ ಚಿಪ್ಪಿನಲ್ಲಿ ಹಾರ್ಡ್‌ವೇರ್ ವಾಲ್ಯೂಮ್ ಇಲ್ಲ. ಐಫೋನಿನಿಂದ ಹಾಡು ಕಳಿಸುವ ಏರ್‌ಪ್ಲೇ, ಸ್ಪಾಟಿಫೈ ಕನೆಕ್ಟ್, ಬ್ಲೂಟೂತ್ ಮೂರೂ ಇವೆ. ಬ್ಲೂಟೂತ್ ಮತ್ತು ವೈಫೈ ಇಲ್ಲಿ ಒಂದೇ ಆಂಟೆನಾ ಹಂಚಿಕೊಳ್ಳುವುದರಿಂದ ಹಾಡು ಆಗಾಗ ತಡವರಿಸುತ್ತದೆ, ಏರ್‌ಪ್ಲೇ ವಾಸಿ.

ನಿಜಕ್ಕೂ ಮೆಚ್ಚಬೇಕಾದ್ದು ಅದರೊಳಗಿನ ಈಕ್ವಲೈಸರ್. ನಮ್ಮ ಮನೆಗಳಲ್ಲಿ ಹತ್ತಕ್ಕೆ ಹತ್ತರ ಕೋಣೆ, ಹತ್ತಡಿ ಎತ್ತರದ ಆರ್‌ಸಿಸಿ, ಕೆಳಗೆ ಟೈಲ್ಸ್, ಗೋಡೆ ಬರಿದು. ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯಾದರೆ ಮೂರೂ ಒಂದೇ 56 ಹರ್ಟ್ಸ್ ಆಸುಪಾಸಿನಲ್ಲಿ ಮೊಳಗುತ್ತವೆ. ಮೃದಂಗದ ಎಡಭಾಗ ಖಾಲಿ ಡ್ರಮ್ಮಿನ ಹಾಗೆ ಕೇಳಿಸುವುದು ಇದಕ್ಕೇ. ಪ್ಯಾರಾಮೆಟ್ರಿಕ್ ಈಕ್ವಲೈಸರಿನಲ್ಲಿ 56 ಹರ್ಟ್ಸ್, ಕ್ಯೂ (ಎಷ್ಟು ಕಿರಿದಾಗಿ ಕತ್ತರಿಸಬೇಕೆಂಬ ಅಳತೆ) 4, ಮೈನಸ್ 6 ಡೆಸಿಬೆಲ್ ಕೊಟ್ಟು ಕೇಳಿ. ಕೋಣೆ ಹನ್ನೆರಡಡಿ ಉದ್ದವಿದ್ದರೆ ಅದರದು 47 ಹರ್ಟ್ಸ್. ದುಬಾರಿ ಡ್ಯಾಕ್‌ಗೆ ಸಾವಿರಗಟ್ಟಲೆ ಸುರಿಯುವವರಿಗೆ ಈ ಒಂದು ಫಿಲ್ಟರ್ ಮಾಡುವಷ್ಟು ವ್ಯತ್ಯಾಸ ಅದರಿಂದ ಸಿಗುವುದಿಲ್ಲ.

ಮೂಡ್‌ನ ಕೊರತೆ ಎಂದರೆ ಕರೆಂಟು ಹೋದಾಗ. ಮೆನುವಿನಿಂದ ಶಟ್‌ಡೌನ್ ಮಾಡದೆ ನಿಂತರೆ, ಅದೇ ಕ್ಷಣದಲ್ಲಿ ಕಾರ್ಡಿಗೆ ಏನಾದರೂ ಬರೆಯುತ್ತಿದ್ದರೆ ಕಾರ್ಡು ಹಾಳಾಗಬಹುದು. ಮನೆಗೆ ಇನ್ವರ್ಟರ್ ಇದ್ದರೆ, ಅಥವಾ ರೌಟರಿಗೆ ಹಾಕುವ ಪುಟ್ಟ ಯುಪಿಎಸ್‌ನಲ್ಲಿ 5 ವೋಲ್ಟ್ ಕಿಂಡಿಯೂ ಇದ್ದರೆ ಚಿಂತೆಯಿಲ್ಲ. ಚೌಕ ಅಲೆಯ ಹಳೇ ಇನ್ವರ್ಟರಿನಲ್ಲಿ ಸ್ಪೀಕರ್ ಜುಂಯ್ ಅನ್ನಬಹುದು, ಅದು ಬೋರ್ಡಿನ ದೋಷವಲ್ಲ. ಎರಡೂ ಇಲ್ಲದ ಹಳ್ಳಿ ಮನೆಗೆ ಮೂಡ್ ಬದಲು ಪೈಕೋರ್‌ಪ್ಲೇಯರ್ ಎಂಬ ಇನ್ನೊಂದು ತಂತ್ರಾಂಶ ಹಾಕಿ. ಅದು ಶುರುವಾದ ಮೇಲೆ ಪೂರ್ತಿ ರ‍್ಯಾಮ್‌ನಲ್ಲೇ ಓಡುತ್ತದೆ, ಪ್ಲಗ್ ಕಿತ್ತರೂ ಕಾರ್ಡಿಗೆ ಅಪಾಯವಿಲ್ಲ. ಸೆಟ್ಟಿಂಗ್ ಬದಲಿಸಿದಾಗ ಕಾರ್ಡಿಗೆ ಉಳಿಸುವುದು ಮರೆಯಬಾರದು, ಅಷ್ಟೇ. ಮೂಡ್‌ನಷ್ಟು ಚಂದ ಅಲ್ಲ. ಅಜ್ಜಿ ಸ್ವಿಚ್ ಆಫ್ ಮಾಡುವ ಮನೆಗೆ ಚಂದಕ್ಕಿಂತ ಅದೇ ಮೇಲು.

ಕನ್ನಡದ ಹಾಡಿನ ಹೆಸರುಗಳು ಯುನಿಕೋಡ್‌ನಲ್ಲಿದ್ದರೆ ಎರಡರಲ್ಲೂ ಸರಿಯಾಗಿ ಬರುತ್ತವೆ. ಹಳೇ ನುಡಿ, ಬರಹ ಕಾಲದ ಎಎಸ್‌ಸಿಐಐ ಅಕ್ಷರದಲ್ಲಿ ಟ್ಯಾಗ್ (ಫೈಲಿನೊಳಗಿನ ಹಾಡಿನ ಹೆಸರು) ಬರೆದ ಎಂಪಿ3ಗಳು ಮಾತ್ರ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಕಿಡ್3 ತಂತ್ರಾಂಶದಿಂದ ತಿದ್ದಿ, ಲೈಬ್ರರಿ ಅಪ್‌ಡೇಟ್ ಒತ್ತಬೇಕು. ಪೈಗೇ ಪರದೆ ಕಟ್ಟಿ ಅದರಲ್ಲಿ ಅಕ್ಷರದ ಬದಲು ಖಾಲಿ ಚೌಕ ಬಂದರೆ ಮೂಡ್‌ನ ಬುಡದಲ್ಲಿರುವ ಡೆಬಿಯನ್ ಲಿನಕ್ಸ್‌ನ ಕನ್ನಡ ಫಾಂಟುಗಳನ್ನು ಇನ್‌ಸ್ಟಾಲ್ ಮಾಡಿ. ಅಲ್ಲಿ ನವಿಲು ಎಂಬುದೊಂದಿದೆ, ಗುಬ್ಬಿ ಎಂಬುದೊಂದಿದೆ. ನಮ್ಮ ವೀರಣ್ಣನವರ ಗುಬ್ಬಿಯಲ್ಲ, ಹಾರುವ ಗುಬ್ಬಿ.